ಬಸ್ಸಿಗೆ ಕಟ್ಟಿದ ಬೇವು

ಓಮಲೂರಿನ ಮಹಾಜನರೇ, ಬಸ್ಸು ಕಾದು ಕಾದು ಬೆಂಚು ಸವೆಸಿದ ಮಹನೀಯರೇ! ನಮ್ಮ ಬಸ್ ಕಂಪನಿ ಇಂದು ಲೋಕಕಲ್ಯಾಣಕ್ಕೆ ಇಳಿಯಿತು. ಸಿಡುಬು ಹಬ್ಬಿರುವ ಮಾರಂಡಹಳ್ಳಿಗೆ ದಾಕು, ಅಂದರೆ ಸಿಡುಬಿನ ಲಸಿಕೆ, ಹಾಕುವ ಡಾಕ್ಟರನ್ನು ಪುಕ್ಕಟೆ ಒಯ್ಯಲು ಕಂಪನಿಯ ಒಡೆಯರಾದ ಮೊದಲಾಳಿಯನ್ನು ಒಪ್ಪಿಸಿದವನು ಮ್ಯಾನೇಜರನಾದ ನಾನೇ. "ಡಾಕ್ಟರಿಗೆ ಪುಕ್ಕಟೆ ಬಸ್ಸು, ಕಂಪನಿಗೆ ಶಾಶ್ವತ ಯಶಸ್ಸು" ಎಂಬ ನನ್ನ ಪ್ರಾಸಕ್ಕೆ ಅವರು ಸೋತರು.

ಆದರೂ ಅವರಿಗೆ ಭಯ ಬಿಡಲಿಲ್ಲ. ರಕ್ಷೆಗಿರಲೆಂದು ಬಸ್ಸಿನ ಮುಂದೆಲ್ಲ ಬೇವಿನ ಸೊಪ್ಪು ಕಟ್ಟಿಸಿದರು. ಸಿಡುಬೆದ್ದ ಮನೆಯ ಬಾಗಿಲಿಗೆ ಬೇವು ಕಟ್ಟುವ ಊರು ನಮ್ಮದು. ಹತ್ತಿ ಕೂತಿದ್ದವರೆಲ್ಲ ಗಂಟುಮೂಟೆ ಸಮೇತ ಇಳಿದರು.

"ಬಸ್ಸೊಳ್ಗೇ ಅಮ್ಮ ಅವ್ಳೆ ಕಣ್ಲಾ, ಇಳೀಲಾ!" ಎಂದು ಅಜ್ಜಿಯೊಬ್ಬಳು ಮಗನನ್ನು ಎಳೆದಳು.

ಮೊದಲಾಳಿ ಬೆವೆತರು. "ನಾಳೆಯಿಂದ ನಮ್ ಬಸ್ಸು ಯಾರ್ ಅತ್ತುತಾರೆ ಮ್ಯಾನೇಜರೇ? ಕಂಪ್ನಿ ಎಸ್ರೇ ಕೆಟ್ಟೋಯ್ತದೆ. ಡಾಕ್ಟ್ರು ಎತ್ತಿನ ಗಾಡೀಲಿ ಓಗ್ಲಿ."

"ಸೊಪ್ಪು ಕಿತ್ತಾಕ್ಸಿ ಅಣ್ಣಾ, ಎಲ್ಲಾ ಸರಿಯಾಯ್ತದೆ."

"ಕಟ್ಟಿದ್ದ ಕಿತ್ರೆ ಅಮ್ಮ ಸುಮ್ನಿರ್ತಾಳಾ? ನೀವೇ ಕೀಳಿ, ಬಸ್ ಬುಡ್ತೀನಿ."

ಕಿತ್ತೆ. ಇಳಿದವರು ಯಾರೂ ಮತ್ತೆ ಹತ್ತಲಿಲ್ಲ. ಮಾತಿಗೆ ಕಟ್ಟುಬಿದ್ದ ಮೊದಲಾಳಿ ಡಾಕ್ಟರೊಬ್ಬರನ್ನೇ ಕೂರಿಸಿ ಬಸ್ಸು ಬಿಟ್ಟರು. ಮ್ಯಾನೇಜರನ ಎದೆಗಾರಿಕೆಯನ್ನು ಬೆಂಚಿನವರು ಹೊಗಳಿದರು. ನಾನೂ ಜನಸೇವೆ, ಕಂಪನಿಯ ಕರ್ತವ್ಯ ಎಂದು ಭಾಷಣ ಬಿಗಿದೆ.

ಎಲ್ಲ ಸುಳ್ಳು ಸ್ವಾಮಿ. ನನ್ನ ಮಗಳು ಹಸುಗೂಸಿನೊಂದಿಗೆ ಮಾರಂಡಹಳ್ಳಿಯಲ್ಲಿದ್ದಾಳೆ. ಕೂಸಿಗೆ ಇನ್ನೂ ದಾಕು ಹಾಕಿಸಿಲ್ಲ. ಬಸ್ಸು ಹಿಂದಿರುಗಿಲ್ಲ. ಕಿತ್ತ ಬೇವನ್ನು ಎಸೆಯಲು ಧೈರ್ಯ ಸಾಲದೆ, ಮಡಿಲಲ್ಲಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ.