ಶಿವಗಂಗವ್ವ ಹೇಳಿದ ಸುಶಾಂತನ ಹೆಸರು

ಬೆಲ್ಲದ ಬಾಗೇವಾಡಿಯಲ್ಲಿ ಯಾರಿಗೇ ಒಡಪು ಬೇಕಾದರೂ ಹಿಟ್ಟಿನ ಗಿರಣಿಗೆ ಬರಬೇಕು. ಗಂಡನ ಹೆಸರನ್ನು ಹೆಂಡತಿ ನೇರವಾಗಿ ಹೇಳುವ ರೂಢಿ ನಮ್ಮಲ್ಲಿಲ್ಲವಲ್ಲ. ಮದುವೆಯಲ್ಲಿ, ಬಸುರಿಯ ಕುಬಸದಲ್ಲಿ ಬಾಗಿಲಿಗೆ ಅಡ್ಡ ನಿಂತು 'ಹೆಸರ ಹೇಳ' ಎಂದು ಕಾಡುತ್ತಾರೆ. ಎರಡು ಸಾಲಿನ ಪ್ರಾಸದೊಳಗೆ ಹೆಸರು ಹುದುಗಿಸಿ ಹೇಳಿದರೆ ಮಾತ್ರ ಒಳಗೆ ದಾರಿ. ಬಾಯಿ ಬಾರದ ಹೆಣ್ಣುಮಕ್ಕಳು ಜೋಳ ಬೀಸಿಸುವ ನೆಪ ಮಾಡಿ ಬಂದು, ಗಿರಣಿಯ ಶಿವಗಂಗವ್ವನಿಂದ ಒಂದು ಕಟ್ಟಿಸಿಕೊಂಡು ಹೋಗುತ್ತಿದ್ದರು. ಅವಳ ಗಂಡ ವೀರಪ್ಪನಿಗೆ ಮಾತ್ರ ಯಂತ್ರದ ಸದ್ದಿನಲ್ಲಿ ಇದೊಂದೂ ಕೇಳುತ್ತಿರಲಿಲ್ಲ.

ಗೋಕಾಕದ ಕಾಲೇಜಿಗೆ ಹೋಗುವ ಮಗಳು ಶೀತಲ್ ಒಂದು ದಿನ, "ಯವ್ವಾ, ಇವನ್ನ ಫೋನಿನ್ಯಾಗ ಹಾಕೋಣ" ಎಂದಳು.

"ಹುಚ್ಚಿ ಅದಿಯೇನ? ನಲವತ್ತೆಂಟು ವರ್ಷದಾಕಿ ನಾ. ಮಂದಿ ನಗತಾರ."

ಕೊನೆಗೆ ಮುಖ ಕಾಣಬಾರದು, ರೊಟ್ಟಿ ಬಡಿಯುವ ಕೈಯಷ್ಟೇ ಕಾಣಬೇಕು ಎಂದು ಒಪ್ಪಂದವಾಯಿತು. ಹೆಸರಿನ ಜಾಗದಲ್ಲಿ 'ಇಂಥವರು' ಎಂದು ಬಿಟ್ಟು ಹೇಳುತ್ತಿದ್ದಳು. ಎರಡು ತಿಂಗಳಲ್ಲಿ ಸಾವಿರಾರು ಜನ ಕೇಳಿದರು. ಹುಕ್ಕೇರಿ ಬಸ್ಸಿನಲ್ಲಿ ಯಾರೋ ಅವಳದೇ ದನಿ ಹಚ್ಚಿದಾಗ ಶಿವಗಂಗವ್ವ ಸೆರಗನ್ನು ಮುಖಕ್ಕೆಳೆದುಕೊಂಡು ಕಿಡಕಿಯ ಕಡೆ ತಿರುಗಿದಳು. ನಾಚಿಕೆಗೋ ಹಿಗ್ಗಿಗೋ, ಅವಳಿಗೇ ತಿಳಿಯಲಿಲ್ಲ.

ಆಮೇಲೆ ಮೂಡಲಗಿಯ ಸುಮನ ಎಂಬ ಹುಡುಗಿ ಬರೆದಳು. ಗುರುವಾರ ಕುಬಸ, ಗಂಡನ ಹೆಸರು ಸುಶಾಂತ, ನನಗೊಂದು ಕಟ್ಟಿಕೊಡ್ರಿ ಅಂತ. ಶಿವಗಂಗವ್ವ ಹುರುಪಿನಲ್ಲಿ ಹೆಸರಿನ ಸಮೇತ ಫೋನಿನಲ್ಲೇ ಹೇಳಿಯೇಬಿಟ್ಟಳು:

"ಬಿಳಿಜೋಳದ ರೊಟ್ಟಿಗಿ ಬೆಣ್ಣಿ ಹಚ್ಚೇನಿ ಸಂತಿ ದಿನಾ,
ಸುಶಾಂತ ಅವರು ಉಂಡ ಮ್ಯಾಲೇ ತುಂಬತೈತಿ ನನ್ನ ಮನಾ."

ಮರುದಿನ ಬೆಳಿಗ್ಗೆ ಕೊಣ್ಣೂರಿನಿಂದ ನಾದಿನಿ ಬಾಳವ್ವನ ಫೋನು. "ವೈನೀ, ಯಾರ್ರಿ ಅಂವ ಸುಶಾಂತ? ನಮ್ಮಣ್ಣ ಇನ್ನೂ ಗಟ್ಟಿಮುಟ್ಟ ಅದಾನಲ್ರಿ!"

ಶಿವಗಂಗವ್ವನಿಗೆ ಆಗ ತಪ್ಪು ತಿಳಿಯಿತು. ಒಡಪಿನಲ್ಲಿ ಹೆಂಗಸು ಯಾರ ಹೆಸರು ಹೇಳುತ್ತಾಳೋ ಅವನೇ ಅವಳ ಗಂಡ. ಇದು ಊರಿನ ಕೂಸಿಗೂ ಗೊತ್ತು. ಇಷ್ಟು ದಿನ ಬೇರೆಯವರ ಬಾಯಿಗೆ ಕಟ್ಟಿಕೊಟ್ಟವಳು ಈಗ ತನ್ನ ಬಾಯಿಂದಲೇ ಪರಗಂಡಸಿನ ಹೆಸರು ಹೇಳಿ, ಊರೂರಿಗೆ ಕೇಳಿಸಿದ್ದಳು. ಅಳಿಸಿದರೆ ಗುರುವಾರಕ್ಕೆಂದು ಬಾಯಿಪಾಠ ಮಾಡುತ್ತಿರುವ ಆ ಬಸುರಿಗೆ ಏನು ಹೇಳುವುದು? ಬಿಟ್ಟರೆ ಮನೆಯವರಿಗೆ ಹೇಗೆ ಮುಖ ತೋರಿಸುವುದು? ಒಲೆಯ ಮೇಲಿನ ರೊಟ್ಟಿ ಕರಕಾಯಿತು. ಶೀತಲ್, "ಮೂಡಲಗಿ ಸುಮನ ಅವರ ಸಲುವಾಗಿ ಅಂತ ಮ್ಯಾಲ ಬರದೇನಿ, ತಗೋ" ಎಂದಳು. ಆದರೂ ಸಮಾಧಾನವಾಗಲಿಲ್ಲ. ಬಾಳವ್ವ ತನ್ನ ಅಣ್ಣನಿಗೂ ಫೋನು ಮಾಡಿದ್ದಳು.

ಮಧ್ಯಾಹ್ನ ವೀರಪ್ಪ ಗಿರಣಿ ಬಂದ್ ಮಾಡಿ ಒಳಗೆ ಬಂದ. ಬೈಯುತ್ತಾನೆ ಎಂದು ಶಿವಗಂಗವ್ವ ಗೋಡೆಗೆ ಆತುಕೊಂಡು ನಿಂತಳು. ಅವನು ಬೈಯಲಿಲ್ಲ, ಹಿಟ್ಟು ಮೆತ್ತಿದ ಮೀಸೆ ಒರೆಸಿಕೊಂಡು ಕೇಳಿದ.

"ಊರ ಗಂಡಸರಿಗೆಲ್ಲ ಕಟ್ಟೀದಿ. ನನ್ನ ಹೆಸರಿಗಿ ಒಂದರ ಐತೇನು?"

"ಮದುವ್ಯಾಗ ಹೇಳಿದ್ನಲ್ರಿ."

"ಅದು ನಮ್ಮವ್ವ ಕಲಿಸಿದ್ದು."

ಹೌದಲ್ಲ! ಮೂವತ್ತು ವರ್ಷದಲ್ಲಿ ಒಂದೂ ಕಟ್ಟಿರಲಿಲ್ಲ. ಯಾಕೆ ಕಟ್ಟಲಿಲ್ಲವೆಂದು ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಯಾರೂ ಕೇಳಿರಲಿಲ್ಲ, ಅಷ್ಟೆ. ವೀರಪ್ಪ ಕಂಬಕ್ಕೊರಗಿ ಕುಳಿತೇಬಿಟ್ಟ. ಶೀತಲ್ ಸದ್ದಿಲ್ಲದೆ ಫೋನು ಹಿಡಿದಳು. ಈ ಸಲ ಮುಖವೂ ಕಾಣುತ್ತಿದೆ ಎಂಬ ಎಚ್ಚರ ಶಿವಗಂಗವ್ವನಿಗೆ ಇರಲಿಲ್ಲ. ಎರಡು ಸಲ ತಡವರಿಸಿ, ಮೂರನೆಯ ಸಲ ಹೇಳಿದಳು:

"ಮಂದಿ ಹೆಸರಿಗಿ ಒಡಪ ಕಟ್ಟಾಕ ಬಾಯಿ ನಂದು ಭಾಳ ಜೋರಾ,
ವೀರಪ್ಪನವರ ಹೆಸರ ಬಂದ್ರ ಬಾಯಿ ಆರತೈತಿ ಪೂರಾ."

ಶಿವಗಂಗವ್ವನೇ ಮಗಳ ಕಡೆ ತಿರುಗಿ, "ಹಾಕ್ಲೇ ಇದನ್ನ. ಮುಖ ಕಂಡ್ರ ಕಾಣ್ಲಿ" ಎಂದಳು.

"ಬ್ಯಾಡ" ಎಂದ ವೀರಪ್ಪ.

"ಯಾಕ್ರಿ, ಛಲೋ ಬಂದಿಲ್ಲೇನು?" ಇಷ್ಟು ದಿನ ಮುಖ ಕಾಣಬಾರದು ಎನ್ನುತ್ತಿದ್ದವಳು ತಾನು, ಇವತ್ತು ಹಾಕಬೇಕೆಂದು ಹಟ ಹಿಡಿದವಳೂ ತಾನೇ. ಏನಾಗಿದೆ ತನಗೆ ಎಂದು ಅವಳಿಗೇ ಅರ್ಥವಾಗಲಿಲ್ಲ.

ವೀರಪ್ಪ ಎದ್ದು ಗಿರಣಿಯ ಕಡೆ ನಡೆದವನು ಬಾಗಿಲಲ್ಲಿ ನಿಂತು ಮಗಳಿಗೆ ಹೇಳಿದ: "ಮಂದಿಗಿ ಬ್ಯಾಡ. ನನ್ನ ಫೋನಿಗಿ ಕಳಸು."