ಯಾರೂ ಕರೆಯದ ಜಾಗ

ಈಗ ಆ ಬೆಟ್ಟಗಳ ಸಾಲಿಗೆ ರಾಷ್ಟ್ರೀಯ ಉದ್ಯಾನವೆಂದು ಫಲಕ ಹಾಕಿದ್ದಾರೆ. ನಾವು ಹೋದಾಗ ಅದು ಬರೀ ಕಾಡು. ಡೇರೆ ಹಾಕುವುದಕ್ಕೆಂದು ಗುರುತು ಮಾಡಿದ ಜಾಗವೇನೂ ಇರಲಿಲ್ಲ. ನಮ್ಮ ಜಿಲ್ಲೆ ಮದರಾಸನ್ನು ಬಿಟ್ಟು ಮೈಸೂರಿಗೆ ಸೇರಿ ಕೆಲವು ವರ್ಷಗಳಾಗಿದ್ದವು, ಅಷ್ಟು ಖಂಡಿತ. ತಿಂಗಳು ಡಿಸೆಂಬರ್ ಎಂದು ನಾನು ಹೇಳುತ್ತೇನೆ, ಜನವರಿ ಎಂದು ನನ್ನ ಹೆಂಡತಿ. ಇನ್ನೊಂದು ಸಂಶಯವನ್ನೂ ಮೊದಲೇ ಹೇಳಿಬಿಡುತ್ತೇನೆ. ನಾವೆಲ್ಲ ಮಾತಾಡಿದ್ದು ತುಳುವಿನಲ್ಲಿ. ಬರೆಯಲು ಕೂತರೆ ಅದು ಕನ್ನಡವಾಗುತ್ತದೆ. ಆಗುವಾಗ ಎಷ್ಟು ಸೋರಿಹೋಗುತ್ತದೋ ನನಗೆ ತಿಳಿಯದು.

ಬಂಟ್ವಾಳದ ನಮ್ಮ ತುಂಬಿದ ಮನೆಗೆ ನನ್ನ ಹೆಂಡತಿ ಹಿರಿಯ ಸೊಸೆ. ಬೆಳಗಾದರೆ ಒಳಗಿಂದೊಂದು ಕರೆ, ಹೊರಗಿಂದೊಂದು ಕರೆ. "ಅತ್ತಿಗೇ, ಉಪ್ಪು ಎಲ್ಲುಂಟು?" "ದೊಡ್ಡಮ್ಮಾ, ಇವ ಹೊಡೆದ!" ತವರಿಗೆ ಹೋದರೆ ಅಲ್ಲಿ "ಅಕ್ಕಾ" ಎನ್ನುವವರ ಸಾಲು. ಒಮ್ಮೆ ಅಕ್ಕಿ ಆರಿಸುತ್ತ, ನನ್ನ ಕಡೆ ನೋಡದೆ ಹೇಳಿದಳು: "ಒಂದು ದಿನ ಯಾರೂ ಕರೆಯದ ಕಡೆ ಮಲಗಿ ಏಳ್ಬೇಕು. ಅಷ್ಟೇ." ಅದನ್ನು ಬಿಟ್ಟು ತನಗಾಗಿ ಅವಳು ನನ್ನಲ್ಲಿ ಏನನ್ನಾದರೂ ಕೇಳಿದ ನೆನಪಿಲ್ಲ.

ಮೂಡಬಿದಿರೆಯ ಬದಿಯ ಪುತ್ತಿಗೆಯಲ್ಲಿದ್ದ ಅವಳ ತಮ್ಮನ ಬಳಿ ಒಂದು ಹಳೆಯ ಆಸ್ಟಿನ್ ಕಾರಿತ್ತು. ಮಿಲಿಟರಿ ಹರಾಜಿನಲ್ಲಿ ಕೊಂಡ ಡೇರೆಯೂ ಇತ್ತು. ನಾನು ಅವನನ್ನು ಭಾವ ಎನ್ನುತ್ತಿದ್ದೆ, ಅವನೂ ನನ್ನನ್ನು ಭಾವ ಎನ್ನುತ್ತಿದ್ದ. ಮೂವರೂ ಘಟ್ಟದ ಕಡೆಗೆ ಹೊರಟೆವು.

ಮದರಾಸಿನಲ್ಲಿ ಓದಿ ಬಂದವನು ನಾನು, ಡೇರೆಯ ಜಾಗಕ್ಕೂ ಒಂದು ಸಿದ್ಧಾಂತ ಮಾಡಿಕೊಂಡಿದ್ದೆ. ನೀರು ಹತ್ತಿರವಿರಬೇಕು, ಆದರೆ ತಗ್ಗಾಗಿರಬಾರದು. ನೆರಳು ಬೇಕು, ಒಣಕೊಂಬೆಯ ಕೆಳಗೆ ಬೇಡ. ಎದುರಿಗೆ ಬೆಟ್ಟ ಕಾಣಬೇಕು.

"ಕಾರು ತಿರುಗಿಸ್ಲಿಕ್ಕೆ ಜಾಗ ಉಂಟಾ, ಅದು ನೋಡುವ ಮೊದಲು," ಎಂದ ಭಾವ. "ನಿಮ್ಮ ಶಾಸ್ತ್ರ ಆಮೇಲೆ."

ಬೆಳ್ತಂಗಡಿ ಬಳಿಯ ಲಾಯಿಲದಲ್ಲಿ ಒಂದು ಬಯಲು ಸಿಕ್ಕಿತು. ದೂರದಲ್ಲಿ ಕುದುರೆಮುಖದ ಸಾಲು ನೀಲಿಯಾಗಿ ನಿಂತಿತ್ತು. ಗೂಟ ಹೊಡೆಯುತ್ತಿರುವಾಗಲೇ ಕೊಡೆ ಊರಿಕೊಂಡು ಒಬ್ಬ ಮುದುಕರು ಬಂದರು.

"ಸರ್ವೆಯವರಾ?"

"ಅಲ್ಲ."

"ಮತ್ತೆ? ಬಯಲಾಟದ ಮೇಳದವರಾ?"

"ಸುಮ್ಮನೆ ಬಂದದ್ದು. ಬೆಟ್ಟ ನೋಡ್ಲಿಕ್ಕೆ."

"ಬೆಟ್ಟ ನನ್ನ ಚಾವಡಿಯಿಂದಲೂ ಕಾಣ್ತದೆ," ಎಂದರು ಮುದುಕರು. ಆಮೇಲೆ ಯಾವ ಮನೆ ಎಂದು ಕೇಳಿದರು, ಯಾವ ಬಳಿ ಎಂದು ಕೇಳಿದರು. ಬಳಿ ಎಂದರೆ ನಮ್ಮಲ್ಲಿ ತಾಯಿಯ ಕಡೆಯಿಂದ ಇಳಿದು ಬರುವ ಕುಲ. ಹೆಂಡತಿಯ ಬಳಿಯೂ ಅವರ ಬಳಿಯೂ ಒಂದೇ ಆಗಿಬಿಟ್ಟಿತು. "ನಮ್ಮ ಹುಡುಗಿಯನ್ನು ಬಯಲಲ್ಲಿ ಮಲಗಿಸಿದ್ರೆ ನಾಳೆ ನಾನು ಊರಲ್ಲಿ ಮುಖ ತೋರಿಸುವುದು ಹೇಗೆ ಮಾರಾಯ್ರೆ?"

ಆ ಸಂಜೆ ಅವಳು ಅವರ ಅಡಿಗೆಮನೆಯಲ್ಲಿ ಕೂತು ತೆಂಗಿನಕಾಯಿ ತುರಿದಳು. ದೀಪ ಹಚ್ಚುವಷ್ಟರಲ್ಲಿ ಆ ಮನೆಯ ಮಕ್ಕಳೂ "ಅಕ್ಕಾ" ಎಂದು ಕೂಗಲು ಕಲಿತಿದ್ದವು.

ಮರುದಿನ ಮತ್ತೆ ಕಾರು ಹತ್ತಿದೆವು. ಉಳಿದದ್ದು ಒಂದೇ ರಾತ್ರಿ. ಅದರ ಮರುದಿನ ಸಂಜೆ ಮನೆಯ ದೈವಗಳಿಗೆ ತಂಬಿಲದ ಪೂಜೆಯಿತ್ತು, ಹಿರಿಯ ಸೊಸೆ ಇಲ್ಲದೆ ನಡೆಯುವಂತಿರಲಿಲ್ಲ. "ಜನ ಇಲ್ಲದ ಜಾಗವೇ ಬೇಕಾದ್ರೆ ಕಾರನ್ನು ಸಮುದ್ರಕ್ಕೆ ಬಿಡ್ಬೇಕು ಭಾವ," ಎಂದ ಅವಳ ತಮ್ಮ.

ಚಾರ್ಮಾಡಿ ಘಾಟಿಯ ಬುಡದಲ್ಲಿ ರಸ್ತೆ ಬಿಟ್ಟು ಗಾಡಿದಾರಿ ಹಿಡಿದೆವು. ಹೊಳೆ ತಿರುಗುವ ಕಡೆ ಬಿಳಿ ಮರಳು, ಮೇಲೆ ಹುಲ್ಲಿನ ದಿಣ್ಣೆ, ಎದುರಿಗೆ ಗೋಡೆಯಂತೆ ಬೆಟ್ಟ. ಕಣ್ಣಿಗೆ ಒಂದು ಮನೆಯ ಮಾಡೂ ಕಾಣಲಿಲ್ಲ. ನನ್ನ ಸಿದ್ಧಾಂತಕ್ಕೆ ಇಷ್ಟು ಸರಿಯಾದ ಜಾಗ ಸಿಕ್ಕಿತೆಂದು ಡೇರೆ ಕಟ್ಟಿ ನಾನು ಬೀಗುತ್ತಿದ್ದಾಗ, ಆಚೆ ದಡದಿಂದ ಒಬ್ಬಾಕೆ ಹೊಳೆ ದಾಟಿ ಬಂದಳು. ಕೈಯಲ್ಲಿ ಬೆಲ್ಲ, ತಂಬಿಗೆಯಲ್ಲಿ ನೀರು.

"ಇದೆಂಥದು? ಮನೆಯಲ್ಲಿ ಜಗಳವಾ?" ಎಂದು ನನ್ನ ಹೆಂಡತಿಯನ್ನು ಕೇಳಿ, ನನ್ನತ್ತ ನೋಡಿದಳು. "ಇವರು ಹೊರಗೆ ಹಾಕಿದ್ದಾ?"

"ಇವರನ್ನೇ ಹೊರಗೆ ಹಾಕ್ಬೇಕಿತ್ತು," ಎಂದ ಭಾವ.

"ನಗ್ಲಿಕ್ಕೆ ಎಂಥ ಉಂಟು? ಏಳಿ, ಮನೆಗೆ ಹೋಗುವ. ಗಂಜಿ ಉಂಟು, ಚಾಪೆ ಉಂಟು. ಯಾವ ಬಳಿ ನಿಮ್ಮದು?"

ನಾನು ವಿವರಿಸಲು ಹೊರಟೆ. ಶುದ್ಧ ಗಾಳಿ, ಆರೋಗ್ಯ, ಹೊರದೇಶಗಳಲ್ಲಿ ಜನ ಹೀಗೆಯೇ ಬೆಟ್ಟದ ಬದಿಯಲ್ಲಿ ಮಲಗುತ್ತಾರೆ, ಇತ್ಯಾದಿ. ಆಕೆ ಪೂರ್ತಿ ಕೇಳಿ ನನ್ನ ಹೆಂಡತಿಗೆ "ಪಾಪ" ಎಂದಳು.

ಆಗ ಹೆಂಡತಿ ಹೇಳಿದಳು: "ಹರಕೆ ಉಂಟು."

"ಹರಕೆಯಾ?"

"ಒಂದು ರಾತ್ರಿ ಮಾಡಿನ ಕೆಳಗೆ ಮಲಗುವ ಹಾಗಿಲ್ಲ. ಮಾತೂ ಆಡುವ ಹಾಗಿಲ್ಲ."

"ಇವರಿಬ್ಬರೂ?"

"ಇವರಿಬ್ಬರೂ."

ಆಕೆಯ ಮುಖವೇ ಬದಲಾಯಿತು. ಯಾವ ದೈವಕ್ಕೆ, ಯಾತಕ್ಕೆ ಎಂದು ಕೇಳಲಿಲ್ಲ; ಹರಕೆಯನ್ನು ಹಾಗೆ ಕೆದಕುವ ಪದ್ಧತಿಯಿಲ್ಲ. ಬೆಲ್ಲವನ್ನೂ ತಂಬಿಗೆಯನ್ನೂ ಕಲ್ಲಿನ ಮೇಲಿಟ್ಟು ಸದ್ದಿಲ್ಲದೆ ಹಿಂದಿರುಗಿದಳು. ಸ್ವಲ್ಪ ಹೊತ್ತಿನಲ್ಲಿ ಒಣಕಟ್ಟಿಗೆಯ ಹೊರೆಯೊಂದು ಬಂದು ಈಚೆ ದಡದಲ್ಲಿ ಕೂತಿತು. ಡೇರೆ ನೋಡಲು ಹೊಳೆಗೆ ಇಳಿದಿದ್ದ ಇಬ್ಬರು ಗಂಡಸರನ್ನು ಆಕೆಯೇ ತುಟಿಗೆ ಬೆರಳಿಟ್ಟು ಹಿಂದಕ್ಕೆ ಅಟ್ಟಿದಳು.

ಹರಕೆಯಲ್ಲಿ ನಂಬಿಕೆಯಿಲ್ಲದ ನಾನು ಹರಕೆ ಪಾಲಿಸಿದೆ. ನನಗಿಂತ ಕಷ್ಟವಾದದ್ದು ಭಾವನಿಗೆ. ಮಾತು ತಡೆಯಲಾಗದೆ ಅವನು ಸಂಜೆಯವರೆಗೂ ಕಾರು ತೊಳೆದ. ಬೆಟ್ಟ ಮೊದಲು ಹಸಿರಾಗಿ, ಮತ್ತೆ ಕಂದಾಗಿ, ಕೊನೆಗೆ ಬರೀ ಅಂಚಾಗಿ ಉಳಿಯಿತು. ಅದರ ಬಗ್ಗೆ ಏನೋ ಜಾಣತನದ ಮಾತು ನನಗೆ ಹೊಳೆದಿತ್ತು, ಹೇಳಲಾಗದ್ದರಿಂದ ಮರೆತುಹೋಯಿತು. ಕತ್ತಲಾಗುವ ಮೊದಲೇ ಅವಳು ನಿದ್ದೆಹೋದಳು.

ಹರಕೆ ಎಂದದ್ದು ತಾನು, ಅಕ್ಕನಲ್ಲ, ಎಂದು ಭಾವ ಇಂದಿಗೂ ವಾದಿಸುತ್ತಾನೆ. ಇರಬಹುದು. ಅದು ಸುಳ್ಳೋ, ನಿಜವಾಗಿಯೂ ಹೇಳಿಕೊಂಡ ಹರಕೆಯೋ ಎಂದು ಅವಳನ್ನು ಕೇಳಿದರೆ, "ಹಾಗೆಲ್ಲ ಕೇಳ್ತಾರಾ?" ಎನ್ನುತ್ತಾಳೆ.

ಬೆಳಗ್ಗೆ ಬಿಸಿಲು ಡೇರೆಯ ನೆತ್ತಿಗೆ ಬಂದರೂ ಅವಳು ಎದ್ದಿರಲಿಲ್ಲ. ನಾವಿಬ್ಬರೂ ಕಲ್ಲು ಹೂಡಿ, ಕೈಸನ್ನೆಯಲ್ಲೇ ಜಗಳವಾಡುತ್ತ ಕಾಫಿ ಕುದಿಸಿದೆವು. ಆಚೆ ದಡದಲ್ಲಿ ಆ ಹೆಂಗಸು ಗದ್ದೆಗೆ ಹೋಗುತ್ತ ನಿಂತು ಡೇರೆಯತ್ತ ನೋಡಿದಳು. ನಾನು ಕೆನ್ನೆಗೆ ಅಂಗೈ ಇಟ್ಟು ತೋರಿಸಿದೆ. ಆಕೆ ತಲೆಯಾಡಿಸಿ, ದೂರದ ಗದ್ದೆಯಂಚಿನ ಹುಣಿಯ ಮೇಲೆ ಬಳಸಿಕೊಂಡು ಹೋದಳು.

ಬಹಳ ಹೊತ್ತಿನ ಮೇಲೆ ಹೆಂಡತಿ ಹೊರಗೆ ಬಂದಳು. ಕೂದಲು ಬಿಚ್ಚಿತ್ತು, ಕೆನ್ನೆಯ ಮೇಲೆ ಚಾಪೆಯ ಗೆರೆ ಮೂಡಿತ್ತು. ಬೆಟ್ಟಕ್ಕೆ ಮುಖಮಾಡಿ ಕಲ್ಲಿನ ಮೇಲೆ ಕೂತಳು. ನಾವು ಕರೆಯಲಿಲ್ಲ. ಕೊನೆಗೆ ಹರಕೆ ಮುಗಿಸಿದ್ದು ಅವಳೇ, ಹಿಂದಿರುಗಿ ನೋಡದೆ:

"ಕಾಫಿ ಉಂಟಾ?"