ಮದುಮಗನ ಕುದುರೆಗೆ ನಾನೇ ಕಾವಲು

ಗೆಳೆಯರೇ, ಇಂದು ಮುಂಜಾನೆ ನಾನೊಂದು ಅಪರಾಧ ಎಸಗಿದ್ದೇನೆ. ಬೈಲಹೊಂಗಲದಿಂದ ಸವದತ್ತಿಗೆ ಗೂಡ್ಸ್ ಗಾಡಿಯ ಹಿಂಭಾಗದಲ್ಲಿ ಕುದುರೆಯ ಪಕ್ಕ ನಿಂತು ಹೊರಟೆ.

ಅಕ್ಕನ ಮಗನ ಮದುವೆ. ಸಂಬಂಧ ಕುದುರಿ ವರ್ಷವಾಯಿತು, ಮೆರವಣಿಗೆಗೆ ಕುದುರೆ ಕುದುರಿದ್ದು ಮಾತ್ರ ನಿನ್ನೆ. ದಾರಿಯಲ್ಲಿ ಅದರ ಕಾಲಿಗೆ ಏಟಾದರೆ ಮದುಮಗ ನಡೆದೇ ಹೋಗಬೇಕು. "ಚಿಂತಿ ಮಾಡಬ್ಯಾಡ ಅಕ್ಕಾ, ಕುದುರಿ ಅಲಗದಂಗ ಹಿಡ್ಕೊಂಡು ಬರತೇನಿ" ಎಂದು ಫೋನಿನಲ್ಲಿ ಮಾತು ಕೊಟ್ಟು ಹತ್ತಿದೆ. ಗಾಡಿ ಓಡಿಸುತ್ತಿದ್ದವರು ಕುದುರೆಯ ಯಜಮಾನ ಮೌಲಾಸಾಬ್.

ಮುನವಳ್ಳಿ ದಾಟುವಾಗ ಪೊಲೀಸರೊಬ್ಬರು ಕೈ ಅಡ್ಡ ಹಿಡಿದರು. ಹಿಂದೆ ಬಂದು ಇಣುಕಿದರು. ಕುದುರೆಯ ಕಾಲಡಿ ಉಸುಕು, ಎದೆಗೆ ಅಡ್ಡಗೋಲು, ಎರಡೂ ಕಡೆ ಹಗ್ಗ.

"ಕುದುರಿದೆಲ್ಲಾ ಬರೋಬ್ಬರಿ ಐತಿ. ಆದ್ರ ಗೂಡ್ಸ್ ಗಾಡ್ಯಾಗ ಮನಷ್ಯಾರನ್ನ ಒಯ್ಯಂಗಿಲ್ಲ. ಇಳೀರಿ ಸರ, ಮುಂದ ಕುಂದರ್ರಿ."

"ನಾ ಇಳದ್ರ ಕುದುರಿ ಅಂಜತೈತ್ರಿ. ಇಷ್ಟೂ ದಾರಿ ನಾನ ಹಿಡದು ನಿಂತೇನಿ."

ಕುದುರೆ ನೆಮ್ಮದಿಯಾಗಿ ಹುಲ್ಲು ಅಗಿಯುತ್ತಿತ್ತು. ನಾನು ನಿಂತಲ್ಲೇ ನಿಂತೆ. ಸಾಹೇಬರ ದನಿ ಏರಿತು: "ಇಳೀರಿ ಅಂದ್ರ ತಿಳ್ಯಂಗಿಲ್ಲೇನ್ರಿ?"

ಮೌಲಾಸಾಬ್ ಓಡಿಬಂದರು. "ಸಿಟ್ಟಾಗಬ್ಯಾಡ್ರಿ ಸಾಹೇಬ್ರ, ಅವರಿಗೆ ಇಳಿಯಾಕ ಆಗಂಗಿಲ್ಲ. ರಸ್ತಾದಾಗಿನ ಮೊದಲನೇ ಉಬ್ಬಿಗೇ ಕುದುರಿ ಕುತಗಿಗೆ ಜೋತಬಿದ್ದು ಚೀರಿದ್ರು. ಪಾಪ, ಕುದುರಿ ಹೆದರೀತಂತ ನಾನ ಅವರನ್ನ ಅಡ್ಡಗೋಲಿಗೆ ಕಟ್ಟೇನಿ."

ನಿಜ. ಸೊಂಟದ ಗಂಟು ಬಿಚ್ಚುವಾಗ ನಡುಗುತ್ತಿದ್ದವನು ನಾನೊಬ್ಬನೇ. ಕುದುರೆ ಕೊನೆಯವರೆಗೂ ಅಲುಗಲಿಲ್ಲ. ನಾನು ಅಕ್ಕನಿಗೆ ಕೊಟ್ಟ ಮಾತನ್ನು ಅದೇ ಉಳಿಸಿತು.